ಕಡಲಾಚೆಯ ಮನೆಯೂ ಶ್ರಾವಕನ ಎಲ್ಲೆಯೂ

ಕೊಪ್ಪ ತಾಲ್ಲೂಕಿನ ಅಡಿಕೆ ಬೆಳೆಗಾರ ಶ್ರಾವಕರೊಬ್ಬರ ಮನೆಯಲ್ಲಿ ಕಳೆದ ಮಳೆಗಾಲದಲ್ಲಿ ಒಂದು ಸಮಾಲೋಚನೆ ನಡೆಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ರಜೆಗೆ ಊರಿಗೆ ಬಂದಿದ್ದ. ಆತನ ಕೈಯಲ್ಲಿ ಒಂದು ಬಣ್ಣದ ಪುಸ್ತಿಕೆ ಇತ್ತು. ನಗರದ ಹೋಟೆಲೊಂದರಲ್ಲಿ ಏರ್ಪಟ್ಟಿದ್ದ ಮಾರಾಟ ಮೇಳದಲ್ಲಿ ಸಿಕ್ಕಿದ ಆ ಪುಸ್ತಿಕೆಯಲ್ಲಿ ದುಬೈಯಲ್ಲಿ ಕಟ್ಟುತ್ತಿರುವ ವಸತಿ ಸಮುಚ್ಚಯದ ಚಿತ್ರಗಳಿದ್ದವು. ವರ್ಷಕ್ಕೆ ಎರಡು ಸಲ ರಜೆ ಕಳೆಯಲು ಹೋಗಬಹುದು, ಉಳಿದ ದಿನ ಬಾಡಿಗೆಗೆ ಕೊಡಬಹುದು, ಹಣವನ್ನು ಕಂತಿನಲ್ಲಿ ಕಟ್ಟಿದರಾಯಿತು ಎಂಬುದು ಮಗನ ಲೆಕ್ಕ. ಅಡಿಕೆಗೆ ನಾಲ್ಕು ವರ್ಷ ಒಳ್ಳೆಯ ಧಾರಣೆ ಸಿಕ್ಕಿದ್ದರಿಂದ ತಂದೆಯೂ ಬೇಡವೆನ್ನಲಿಲ್ಲ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು: “ಅಲ್ಲ ಮಗಾ, ಸಂಜೆ ಹೊತ್ತು ಅಲ್ಲಿ ದೀಪ ಹಚ್ಚೋರು ಯಾರು?”

ಮನೆಯವರೆಲ್ಲ ನಕ್ಕರು. ಅಜ್ಜಿಯ ಪ್ರಶ್ನೆ ನಗುವಂಥದ್ದಲ್ಲ. ವಾಸಕ್ಕಲ್ಲದ ಮನೆಯೊಂದನ್ನು ದೂರದೇಶದಲ್ಲಿ ಕೊಳ್ಳುವವನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೇ ಅದು. ಪುಸ್ತಿಕೆಯಲ್ಲಿ ಮುದ್ರಿತವಾದ ಬೆಲೆಯ ಹಿಂದೆ ಎಷ್ಟೋ ಬೆಲೆಗಳು ಅಡಗಿರುತ್ತವೆ. ಅವುಗಳಲ್ಲಿ ಕೆಲವು ಹಣದವು, ಕೆಲವು ಕಾನೂನಿನವು. ಎಲ್ಲಕ್ಕಿಂತ ದೊಡ್ಡದು ಮಾತ್ರ ಯಾವ ಬ್ಯಾಂಕಿನ ಪುಸ್ತಕದಲ್ಲಿಯೂ ನಮೂದಾಗದು. ಅದು ಆತ್ಮದ ಖಾತೆಯಲ್ಲಿ ಬೀಳುವ ಖರ್ಚು.

ಮೊದಲು ಹಣದ ಲೆಕ್ಕವನ್ನೇ ನೋಡಬಹುದು. ಭಾರತೀಯ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಂತೆ ನಿವಾಸಿಯೊಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಮಾತ್ರ ಹೊರದೇಶಕ್ಕೆ ಕಳುಹಿಸಬಹುದು. ಮನೆ ಕೊಳ್ಳಲು ಕಳುಹಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದರೆ, ಮೀರಿದ ಭಾಗದ ಮೇಲೆ ಶೇ 20ರಷ್ಟು ತೆರಿಗೆಯನ್ನು ಬ್ಯಾಂಕು ಮೊದಲೇ ಹಿಡಿಯುತ್ತದೆ. ಅದು ಮುಂದೆ ಆದಾಯ ತೆರಿಗೆಯಲ್ಲಿ ವಜಾ ಆಗುವುದು ನಿಜ. ಅಲ್ಲಿಯವರೆಗೆ ಆ ಹಣವನ್ನು ಹೊಂದಿಸುವ ಹೊಣೆ ಕೊಳ್ಳುವವನದು. ದುಬೈಯಲ್ಲಿ ನೋಂದಣಿಗೆ ಬೆಲೆಯ ಶೇ 4ರಷ್ಟು ಶುಲ್ಕವಿದೆ. ಸಿಂಗಪುರದಲ್ಲಿ 2023ರ ಏಪ್ರಿಲ್‌ನಿಂದ ವಿದೇಶಿಯರು ವಾಸದ ಮನೆ ಕೊಂಡರೆ ಶೇ 60ರಷ್ಟು ಹೆಚ್ಚುವರಿ ಮುದ್ರಾಂಕ ಶುಲ್ಕ ತೆರಬೇಕು. ಮನೆಯಲ್ಲಿ ಇದ್ದರೂ ಇಲ್ಲದಿದ್ದರೂ ಪ್ರತಿವರ್ಷ ಚದರಡಿಯ ಲೆಕ್ಕದಲ್ಲಿ ನಿರ್ವಹಣಾ ಶುಲ್ಕ ಬೇರೆ. ಕಂತು ಇರುವುದು ದಿರ್ಹಮ್‌ನಲ್ಲಿ. ದಿರ್ಹಮ್ ಕಟ್ಟುಬಿದ್ದಿರುವುದು ಡಾಲರಿಗೆ. 2015ರ ಸುಮಾರಿಗೆ 65 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರು 2024ರ ಕೊನೆಗೆ 85ನ್ನು ದಾಟಿತು. ಅಡಿಕೆ ಮಾರಿ ಬರುವುದು ರೂಪಾಯಿ, ಕಂತು ಹೋಗುವುದು ಡಾಲರಿನ ಲೆಕ್ಕದಲ್ಲಿ. ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದ ವರ್ಷವೂ ಕಂತು ನಿಲ್ಲುವುದಿಲ್ಲ.

ಇನ್ನು ಕಾನೂನಿನ ಲೆಕ್ಕ. ಹೊರದೇಶದ ಆಸ್ತಿಯನ್ನು ಪ್ರತಿವರ್ಷದ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ತೋರಿಸಲೇಬೇಕು. ಮರೆತರೆ 2015ರ ಕಪ್ಪುಹಣ ಕಾಯಿದೆಯಂತೆ 10 ಲಕ್ಷ ರೂಪಾಯಿವರೆಗಿನ ದಂಡ ಕಾದಿರುತ್ತದೆ. ಅಲ್ಲಿ ಬರುವ ಬಾಡಿಗೆಯೂ ಇಲ್ಲಿ ಘೋಷಿಸಬೇಕಾದ ಆದಾಯವೇ. ಮನೆಯೊಡನೆ ವಾಸದ ಪರವಾನಗಿ ಸಿಗುತ್ತದೆಂಬ ಆಸೆಯೂ ಸ್ಥಿರವಲ್ಲ. ಆಸ್ತಿ ಕೊಂಡವರಿಗೆ ಪರವಾನಗಿ ಕೊಡುತ್ತಿದ್ದ ಪೋರ್ಚುಗಲ್ 2023ರಲ್ಲಿ, ಸ್ಪೇನ್ 2025ರಲ್ಲಿ ಆ ಬಾಗಿಲನ್ನು ಮುಚ್ಚಿದವು. ಕೊಂಡವನ ಆಯುಷ್ಯ ತೀರಿದ ಮೇಲೂ ಖರ್ಚು ತೀರದು. ಅಮೆರಿಕದಲ್ಲಿ ಮನೆಯಿದ್ದ ಹೊರದೇಶದ ನಿವಾಸಿ ತೀರಿಕೊಂಡರೆ 60,000 ಡಾಲರ್‌ಗಿಂತ ಮೇಲಿನ ಮೌಲ್ಯಕ್ಕೆ ಶೇ 40ರವರೆಗೆ ತೆರಿಗೆ ಬೀಳಬಹುದು. ಯಾವ ದೇಶವಾದರೂ ಅಲ್ಲಿಯ ನ್ಯಾಯಾಲಯ, ಅಲ್ಲಿಯ ವಕೀಲರು, ಅಲ್ಲಿಯ ಭಾಷೆಯ ಕಾಗದಗಳು ಮಕ್ಕಳ ಪಾಲಿಗೆ ಉಳಿಯುತ್ತವೆ. ತಂದೆ ವಿಶ್ರಾಂತಿಗೆಂದು ಕೊಂಡದ್ದು ಮಕ್ಕಳಿಗೆ ಅಲೆದಾಟವಾಗುತ್ತದೆ.

ಇಷ್ಟನ್ನು ಯಾವ ಲೆಕ್ಕಪರಿಶೋಧಕರೂ ಹೇಳಿಯಾರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನರಿಗೆ ಮಾತ್ರ ಇನ್ನೊಂದು ಸಾಕ್ಷ್ಯವೂ ಕಣ್ಣೆದುರಿಗೇ ಇದೆ. ಮುಚ್ಚಿದ ಮನೆ ಏನಾಗುತ್ತದೆಂಬುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ಹಿರಿಯರು ಕಾಲವಾದ ಮೇಲೆ ಬೀಗ ಬಿದ್ದ ಮನೆಗಳು ಈ ಮೂರೂ ತಾಲ್ಲೂಕುಗಳಲ್ಲಿವೆ. ಒಂದು ಮಳೆಗಾಲ ಒಲೆ ಉರಿಯದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಎರಡನೆಯ ಮಳೆಗಾಲಕ್ಕೆ ಜಂತಿಗೆ ಗೆದ್ದಲು ಹತ್ತುತ್ತದೆ. ಮೂರನೆಯದಕ್ಕೆ ಹಂಚು ಜಾರಿ ಸೋರುತ್ತದೆ. ಮನೆಯ ಮಗ ದೂರದೇಶದಿಂದ ದೂರವಾಣಿ ಮಾಡಿ, ಹಂಚು ಹೊದೆಸಲು ಆಳು ಸಿಕ್ಕಿದರೇ, ಅಂಗಳದ ಪಾಚಿ ತೆಗೆಸಿದಿರಾ, ತೋಟಕ್ಕೆ ಬೋರ್ಡೋ ಹೊಡೆಸಿದಿರಾ ಎಂದು ನೆಂಟರನ್ನು ಕೇಳುತ್ತಲೇ ಇರುತ್ತಾನೆ. ಆತ ಅನಿವಾಸಿಯಾದ್ದರಿಂದ ವಿದೇಶಿ ವಿನಿಮಯದ ನಿಯಮದಂತೆ ಹೊಸದಾಗಿ ಕೃಷಿ ಜಮೀನನ್ನಾಗಲಿ, ತೋಟವನ್ನಾಗಲಿ, ತೋಟದ ಮನೆಯನ್ನಾಗಲಿ ಕೊಳ್ಳುವಂತಿಲ್ಲ; ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಹುಟ್ಟಿದ ಮನೆಯೆಂಬ ಋಣದಿಂದ ಆತ ಆ ಚಿಂತೆಯನ್ನು ಹೊತ್ತಿದ್ದಾನೆ. ಅದರಲ್ಲಿ ಒಂದು ಅರ್ಥವಿದೆ. ಹುಟ್ಟದ, ಬೆಳೆಯದ, ನೆರೆಹೊರೆ ಇಲ್ಲದ ಊರಿನಲ್ಲಿ ಅಂಥದೇ ಚಿಂತೆಯನ್ನು ಹಣ ಕೊಟ್ಟು ಕೊಂಡುಕೊಳ್ಳುವುದರಲ್ಲಿ ಏನು ಅರ್ಥವಿದೆಯೆಂಬುದೇ ಇಲ್ಲಿನ ಪ್ರಶ್ನೆ.

ಜೈನಾಚಾರ್ಯರು ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ಅಳೆಯಲಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮೂರ್ಛೆಯನ್ನೇ, ಅಂದರೆ ‘ಇದು ನನ್ನದು’ ಎಂಬ ಮಮಕಾರವನ್ನೇ, ಪರಿಗ್ರಹವೆಂದು ತಿಳಿಸಿದ್ದಾರೆ. ಬಾಹ್ಯ ಪರಿಗ್ರಹ ಹತ್ತು ಬಗೆ, ಅಂತರಂಗ ಪರಿಗ್ರಹ ಹದಿನಾಲ್ಕು ಬಗೆ ಎಂದು ಶಾಸ್ತ್ರ ಎಣಿಸುತ್ತದೆ. ಹೊರಗಿನ ಹತ್ತರಲ್ಲಿ ಮೊದಲು ಬರುವುದೇ ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ. ಅವು ಒಳಗಿನ ಹದಿನಾಲ್ಕನ್ನು ಎಬ್ಬಿಸುವ ನಿಮಿತ್ತಗಳು. ವಾಸದ ಮನೆಯಲ್ಲಿ ಮಮಕಾರವಿದ್ದರೂ ಅದಕ್ಕೊಂದು ಸಮಾಧಾನವಿದೆ. ಅಲ್ಲಿ ತಂದೆತಾಯಿಯರ ಸೇವೆ ನಡೆಯುತ್ತದೆ, ಅತಿಥಿಗೆ ಅನ್ನ ಸಿಗುತ್ತದೆ, ಮಕ್ಕಳಿಗೆ ಣಮೋಕಾರ ಮಂತ್ರದ ಪಾಠವಾಗುತ್ತದೆ. ಗೃಹಸ್ಥಧರ್ಮಕ್ಕೆ ಆ ಮನೆ ಆಸರೆ. ವರ್ಷದಲ್ಲಿ ಹದಿನೈದು ದಿನ ತೆರೆದು, ಉಳಿದ ದಿನ ಬೀಗ ಬೀಳುವ ಮನೆಯಲ್ಲಿ ಈ ಯಾವ ಧರ್ಮಕಾರ್ಯವೂ ಇಲ್ಲ. ಅಲ್ಲಿ ಸದಾಕಾಲ ವಾಸವಾಗಿರುವುದು ಮಮಕಾರವೊಂದೇ.

ಆ ಮಮಕಾರ ಧ್ಯಾನದ ರೂಪವನ್ನೇ ತಾಳುತ್ತದೆ. ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂದು ಧ್ಯಾನ ನಾಲ್ಕು ಬಗೆ. ಇಷ್ಟವಾದುದು ಕೈತಪ್ಪೀತೆಂಬ ಕಳವಳ, ಅನಿಷ್ಟವಾದುದು ಬಂದೀತೆಂಬ ಅಳುಕು ಆರ್ತಧ್ಯಾನ. ಗಳಿಸಿದುದನ್ನು ಕಾಪಾಡಿಕೊಳ್ಳುವುದರಲ್ಲಿಯೇ ಮುಳುಗಿ ಅದರಲ್ಲಿ ಸುಖ ಕಾಣುವುದು ರೌದ್ರಧ್ಯಾನದ ಒಂದು ಭೇದ. ಅದಕ್ಕೆ ಪರಿಗ್ರಹಾನಂದಿ ಎಂದು ಹೆಸರು. ಗೃಹಸ್ಥನೊಬ್ಬ ಬೆಳಿಗ್ಗೆ ನಲವತ್ತೆಂಟು ನಿಮಿಷದ ಸಾಮಾಯಿಕಕ್ಕೆ ಕುಳಿತಿದ್ದಾನೆಂದು ಭಾವಿಸಬಹುದು. ಕಣ್ಣು ಮುಚ್ಚಿದೊಡನೆ, ಬಾಡಿಗೆದಾರ ಹಣ ಹಾಕಿದನೇ, ಕೊಳಾಯಿ ಸೋರಿ ಕೆಳಗಿನ ಮನೆಯವರು ದೂರಿದರೇ, ಡಾಲರು ಇಂದು ಎಷ್ಟಿದೆ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಶರೀರ ಚಾಪೆಯ ಮೇಲಿದೆ, ಉಪಯೋಗ ಕಡಲಾಚೆಗಿದೆ. ಜೀವದ ಲಕ್ಷಣವೇ ಉಪಯೋಗ. ಅದನ್ನು ಖರ್ಚು ಮಾಡಿದವನು ತನ್ನನ್ನೇ ಖರ್ಚು ಮಾಡಿಕೊಂಡಂತೆ. ಪುಸ್ತಿಕೆಯಲ್ಲಿ ಮುದ್ರಿಸದ ಬೆಲೆ ಇದು. ಇದಕ್ಕೆ ಕಂತೂ ಇಲ್ಲ, ವಜಾವೂ ಇಲ್ಲ.

ಈ ಖರ್ಚನ್ನು ತಡೆಯುವ ಉಪಾಯವನ್ನು ಆಚಾರ್ಯರು ಶ್ರಾವಕನ ವ್ರತಗಳಲ್ಲಿಯೇ ಇಟ್ಟಿದ್ದಾರೆ. ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾ ಪರಿಮಾಣವೆಂಬ ಹೆಸರನ್ನೂ ಹೇಳಿದ್ದಾರೆ. ಅಳತೆ ಹಾಕಬೇಕಾದ್ದು ಆಸ್ತಿಗಿಂತ ಮೊದಲು ಆಸೆಗೆ ಎಂಬುದು ಆ ಹೆಸರಿನಲ್ಲಿಯೇ ಇದೆ. ಈ ವ್ರತಕ್ಕೆ ಅವರು ತಿಳಿಸಿದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭಗಳ ಜೊತೆಗೆ ವಿಸ್ಮಯವೂ ಒಂದು. ಇತರರ ವೈಭವವನ್ನು ಕಂಡು ಬೆರಗಾಗುವುದು ವ್ರತಕ್ಕೆ ಕಲೆ ಎಂದು ಅವರು ಎಣಿಸಿದರು. ಹೊಳೆಯುವ ಪುಸ್ತಿಕೆ, ಮಾರಾಟ ಮೇಳದ ದೀಪಗಳು, ಪರಿಚಿತರು ಕಳುಹಿಸುವ ಕಡಲತೀರದ ಛಾಯಾಚಿತ್ರಗಳು ಇವೆಲ್ಲ ವಿಸ್ಮಯವನ್ನೇ ಬಿತ್ತುತ್ತವೆ. ಲೋಭ ಮೊಳೆಯುವುದು ಆ ಮೇಲೆ.

ಎರಡನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತನ್ನ ವ್ಯವಹಾರಕ್ಕೆ ಜೀವಮಾನದ ಎಲ್ಲೆಯನ್ನು ಹಾಕಿಕೊಳ್ಳುವುದು ಇದರ ಸ್ವರೂಪ. ಕಡಲು, ನದಿ, ಕಾಡು, ಬೆಟ್ಟ, ನಾಡು, ಯೋಜನ ಇಂಥ ಎಲ್ಲರಿಗೂ ತಿಳಿದ ಗುರುತುಗಳಿಂದ ಎಲ್ಲೆಯನ್ನು ಗುರುತಿಸಬೇಕೆಂದು ರತ್ನಕರಂಡ ಹೇಳುತ್ತದೆ. ತುಂಗೆ, ಭದ್ರೆ, ಸಹ್ಯಾದ್ರಿಯ ಸಾಲು ಇರುವ ನಾಡಿನವರಿಗೆ ಇಂಥ ಗುರುತುಗಳಿಗೆ ಕೊರತೆಯಿಲ್ಲ. ಇಂದಿನ ಶ್ರಾವಕನ ಎಲ್ಲೆ ತುಂಗೆಯೇ ಆಗಬೇಕಾಗಿಲ್ಲ. ಮಕ್ಕಳ ಉದ್ಯೋಗ, ವ್ಯಾಪಾರ, ಚಿಕಿತ್ಸೆ, ತೀರ್ಥಯಾತ್ರೆ ಇವನ್ನೆಲ್ಲ ನೋಡಿಕೊಂಡು ಎಲ್ಲೆಯನ್ನು ಅರಬ್ಬೀ ಸಮುದ್ರದವರೆಗೋ, ದೇಶದ ಗಡಿಯವರೆಗೋ ಹಾಕಿಕೊಳ್ಳಬಹುದು. ಮುಖ್ಯವಾದ ಮಾತೆಂದರೆ ಎಲ್ಲೆಯಿರಬೇಕು.

ದಿಗ್ವ್ರತದ ಫಲವನ್ನು ಶಾಸ್ತ್ರ ಹೇಳಿರುವ ಬಗೆ ಮನಸ್ಸಿಗೆ ತಟ್ಟುವಂಥದ್ದು. ಎಲ್ಲೆಯ ಒಳಗೆ ಗೃಹಸ್ಥ ಅಣುವ್ರತಿ. ಎಲ್ಲೆಯ ಹೊರಗೆ ಆತ ಸೂಕ್ಷ್ಮ ಪಾಪಗಳನ್ನೂ ಬಿಟ್ಟವನಾದ್ದರಿಂದ ಆತನ ಅಣುವ್ರತಗಳೇ ಮಹಾವ್ರತಗಳ ಸ್ಥಿತಿಗೆ ಏರುತ್ತವೆ. ಮನೆಮಠ ಬಿಡದೆ, ಪಿಂಛಿ ಕಮಂಡಲು ಹಿಡಿಯದೆ, ಲೋಕದ ಬಹುಭಾಗದ ಮಟ್ಟಿಗೆ ಮುನಿಯಂತಿರುವ ಸೌಭಾಗ್ಯವನ್ನು ಈ ಒಂದು ವ್ರತ ಕೊಡುತ್ತದೆ. ಕಡಲಾಚೆಯಲ್ಲಿ ವಿಹಾರಕ್ಕಾಗಿ ಮನೆ ಕೊಳ್ಳುವವನು ಬಿಟ್ಟುಕೊಡುವುದು ಈ ಸೌಭಾಗ್ಯವನ್ನು. ಎಂದೂ ಕಾಣದಿದ್ದ, ಆದ್ದರಿಂದಲೇ ಯಾವ ದ್ವೇಷರಾಗವೂ ಇಲ್ಲದಿದ್ದ ನಾಡೊಂದನ್ನು ತನ್ನ ಕಷಾಯಗಳ ಸೀಮೆಗೆ ತಾನಾಗಿ ಸೇರಿಸಿಕೊಳ್ಳುತ್ತಾನೆ. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಎಂಬುದೊಂದಿದೆ. ಹಾಕಿಕೊಂಡ ಎಲ್ಲೆಯನ್ನು ಲೋಭದಿಂದ ಹಿಗ್ಗಿಸಿಕೊಳ್ಳುವುದೆಂದು ಅದರ ಅರ್ಥ. ಇನ್ನೊಂದು ಸ್ಮೃತ್ಯಂತರಾಧಾನ, ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು. ಎಲ್ಲೆಯನ್ನೇ ಹಾಕಿಕೊಳ್ಳದವನಿಗೆ ಹಿಗ್ಗಿಸುವ, ಮರೆಯುವ ದೋಷ ಬಾರದೆಂದು ಯಾರೂ ಸಮಾಧಾನಪಡಬೇಕಾಗಿಲ್ಲ. ವ್ರತವಿಲ್ಲದ ಅವಿರತಿಯೇ ಬಂಧಕ್ಕೆ ಕಾರಣ.

ಮೂರನೆಯದು ಅನರ್ಥದಂಡ ವ್ರತ. ಅಡುಗೆ, ಗುಡಿಸುವಿಕೆ, ನೀರು ಸೇದುವಿಕೆಗಳಲ್ಲಿ ಆಗುವ ಜೀವಬಾಧೆ ಆರಂಭೀ ಹಿಂಸೆ. ವಾಸದ ಮನೆಯಲ್ಲಿ ಇದು ಗೃಹಸ್ಥನಿಗೆ ತಪ್ಪದು. ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬಹುದು. ವಾಸವಿಲ್ಲದ ಮನೆಯಲ್ಲಿಯೂ ಈ ಹಿಂಸೆ ನಿಲ್ಲುವುದಿಲ್ಲ. ಮುಚ್ಚಿದ ಮನೆಯಲ್ಲಿ ಜಿರಳೆ, ಇರುವೆ, ಜೇಡ ಸೇರುತ್ತವೆ. ಮಾಲೀಕ ಬರುವ ಮುನ್ನ ನೌಕರರು ವಿಷ ಸಿಂಪಡಿಸಿ ತೊಳೆಯುತ್ತಾರೆ. ಮಾಲೀಕನ ಕಣ್ಣಿಗೆ ಬೀಳುವುದು ಹೊಳೆಯುವ ನೆಲ ಮಾತ್ರ. ಬಾಡಿಗೆಗೆ ಕೊಟ್ಟರೆ ಆ ಅಡುಗೆಮನೆಯಲ್ಲಿ ಏನು ಬೇಯುತ್ತದೆ, ಆ ಮೇಜಿನ ಮೇಲೆ ಏನನ್ನು ಕುಡಿಯುತ್ತಾರೆಂಬುದೂ ಆತನಿಗೆ ತಿಳಿಯದು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಆಸ್ರವಕ್ಕೆ ದ್ವಾರಗಳೆಂಬುದನ್ನು ಜೈನನಿಗೆ ನೆನಪಿಸಬೇಕಾಗಿಲ್ಲ. ಪ್ರಯೋಜನವಿದ್ದು ಆಗುವ ಹಿಂಸೆಗೇ ಪ್ರತಿಕ್ರಮಣ ಬೇಕೆಂದ ಮೇಲೆ, ಪ್ರಯೋಜನವಿಲ್ಲದೆ ದೂರದಿಂದ ನಡೆಸುವ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ.

ಇದಕ್ಕೆ ಎದುರಾಗಿ ಹೇಳುವ ಮಾತುಗಳೂ ಇವೆ. ಅವನ್ನು ನ್ಯಾಯವಾಗಿ ತೂಗಬೇಕು. ಜೈನರು ಪ್ರಾಚೀನಕಾಲದಿಂದ ವರ್ತಕರು, ಕಡಲು ದಾಟಿ ವ್ಯಾಪಾರ ಮಾಡಿದವರು, ಸಂಪತ್ತನ್ನು ಶಾಸ್ತ್ರ ನಿಂದಿಸಿಲ್ಲ ಎಂಬುದು ಒಂದು ಮಾತು. ಅದು ನಿಜ. ನ್ಯಾಯದಿಂದ ಗಳಿಸಿದ ಧನ ಶ್ರಾವಕನಿಗೆ ದೋಷವಲ್ಲ. ಮಗನೋ ಮಗಳೋ ಹೊರದೇಶದಲ್ಲಿ ನೆಲೆಸಿ ದುಡಿಯುತ್ತಿದ್ದರೆ ಅಲ್ಲಿ ಅವರಿಗೊಂದು ಮನೆ ಬೇಕು. ಅದು ವಾಸದ ಮನೆ, ವಿಹಾರದ ಮನೆಯಲ್ಲ. ಲೋಕ ಸುತ್ತುವುದೂ ತಪ್ಪಲ್ಲ. ಈ ಲೇಖನದ ಆಕ್ಷೇಪವಿರುವುದು ಬಳಸಲಿಕ್ಕೆ ಬೇಕಾಗದ ಮನೆಯನ್ನು ಹೊಂದಿರಲಿಕ್ಕೆಂದೇ ಹೊಂದುವುದಕ್ಕೆ. ಅದು ಹೂಡಿಕೆ, ನಾಳೆ ಬೆಲೆ ಏರುತ್ತದೆ ಎಂಬುದು ಇನ್ನೊಂದು ಮಾತು. ಹಾಗಾದರೆ ಅದನ್ನು ಹೂಡಿಕೆಯೆಂದೇ ಕರೆದು, ವಿಶ್ರಾಂತಿಯ ಹೆಸರನ್ನು ಬಿಟ್ಟು, ಪರಿಗ್ರಹ ಪರಿಮಾಣದ ಒಳಗೆ ಬರುತ್ತದೆಯೇ ಎಂದು ನೋಡಬೇಕು. ಬಹಳ ಆರಂಭ, ಬಹಳ ಪರಿಗ್ರಹ ನರಕಾಯುವಿನ ಆಸ್ರವಕ್ಕೆ ಕಾರಣವೆಂದೂ ಅಲ್ಪ ಆರಂಭ, ಅಲ್ಪ ಪರಿಗ್ರಹ ಮನುಷ್ಯಾಯುವಿಗೆ ಕಾರಣವೆಂದೂ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಮುಂದಿನ ಜನ್ಮದ ವಾಸಸ್ಥಾನವನ್ನೇ ನಿರ್ಧರಿಸುವ ವಿಷಯವಿದು. ಹೂಡಿಕೆಯ ಲಾಭನಷ್ಟದಲ್ಲಿ ಇದನ್ನೂ ಒಂದು ಸಾಲಾಗಿ ಬರೆದುಕೊಳ್ಳುವುದು ಬುದ್ಧಿವಂತಿಕೆ.

ಮುನಿಗಳ ವಸತಿಯನ್ನು ನೆನೆದರೆ ಈ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಚೌರ್ಯ ಮಹಾವ್ರತದ ಭಾವನೆಗಳಲ್ಲಿ ಶೂನ್ಯಾಗಾರವಾಸ, ವಿಮೋಚಿತಾವಾಸ ಎಂಬ ಎರಡಿವೆ. ಗುಹೆಯಂಥ ಬರಿದಾದ ತಾಣದಲ್ಲಿ, ಇತರರು ಬಿಟ್ಟುಹೋದ ನೆಲೆಯಲ್ಲಿ ತಂಗುವುದು, ಅಲ್ಲಿಗೆ ಬಂದ ಇನ್ನೊಬ್ಬರನ್ನು ತಡೆಯದಿರುವುದು ಸಾಧುಗಳ ಧರ್ಮ. ಒಡೆತನವಿಲ್ಲದ ಬರಿಯ ಮನೆಯಲ್ಲಿ ಮುನಿ ನಿಶ್ಚಿಂತನಾಗಿರುತ್ತಾನೆ. ಒಡೆತನವಿರುವ ಬರಿಯ ಮನೆಗಾಗಿ ಧನಿಕ ನಿದ್ದೆಗೆಡುತ್ತಾನೆ. ಎರಡೂ ಬರಿಯ ಮನೆಗಳೇ. ಒಂದು ಕಡೆ ಒಡೆತನವಿಲ್ಲ, ಇನ್ನೊಂದು ಕಡೆ ಒಡೆತನವೊಂದೇ ಇದೆ.

ಹಾಗಾದರೆ ಉಳಿದ ಧನವನ್ನು ಏನು ಮಾಡಬೇಕು? ಈ ನಾಡಿನ ಹಿರಿಯರು ಕೊಟ್ಟ ಉತ್ತರ ಶೃಂಗೇರಿ ಪೇಟೆಯ ನಡುವೆಯೇ ನಿಂತಿದೆ. ಅಲ್ಲಿಯ ಪಾರ್ಶ್ವನಾಥ ಬಸದಿ 12ನೆಯ ಶತಮಾನದ್ದು; ಮಾರಿ ಶೆಟ್ಟಿ ಎಂಬುವರ ನೆನಪಿಗಾಗಿ ಆದದ್ದು. ಆ ಕಾಲದ ಸಿರಿವಂತರು ತಮಗಾಗಿ ಕಟ್ಟಿಸಿಕೊಂಡ ಮನೆಗಳ ಗುರುತು ಇಂದು ಯಾರಿಗೂ ಸಿಗದು. ಒಬ್ಬರ ಹೆಸರಿನಲ್ಲಿ ಎಲ್ಲರಿಗಾಗಿ ಕಟ್ಟಿಸಿದ್ದು ಮಾತ್ರ ಎಂಟು ಶತಮಾನ ದಾಟಿ ಉಳಿದಿದೆ. ಎಲ್ಲರೂ ಬಸದಿ ಕಟ್ಟಿಸಬೇಕಾಗಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಿಗೆ ಇಂದಿಗೂ ಪಾತ್ರರಿದ್ದಾರೆ. ಮಲೆನಾಡಿನ ಒಂಟಿ ಮನೆಗಳಲ್ಲಿ ಔಷಧಿ ತಂದುಕೊಡುವವರಿಲ್ಲದ ವೃದ್ಧರಿದ್ದಾರೆ. ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡು ಮಕ್ಕಳ ಓದಿಗೆ ಪರದಾಡುವ ರೈತರಿದ್ದಾರೆ. ಒಂದು ವರ್ಷದ ನಿರ್ವಹಣಾ ಶುಲ್ಕ ಇಂಥ ಮನೆಯೊಂದಕ್ಕೆ ಎಷ್ಟೋ ಆದೀತು. ವಿಶ್ರಾಂತಿಯೇ ಬೇಕೆಂದರೆ ನರಸಿಂಹರಾಜಪುರದ ಸಿಂಹನಗದ್ದೆ ದೂರವಿಲ್ಲ. ಎಂಟನೆಯ ತೀರ್ಥಂಕರ ಚಂದ್ರಪ್ರಭ ಸ್ವಾಮಿಯ ಯಕ್ಷಿ ಜ್ವಾಲಾಮಾಲಿನಿಯ ಆ ಕ್ಷೇತ್ರದಲ್ಲಿ ಒಂದು ಹಗಲು ಮೌನವಾಗಿ ಕುಳಿತು ಬಂದವರಿಗೆ ವಿಶ್ರಾಂತಿ ಎಲ್ಲಿದೆಯೆಂಬುದು ತಿಳಿದೀತು.

ಆದ್ದರಿಂದ ಕಡಲಾಚೆಯ ಮನೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಶ್ರಾವಕನು ಇನ್ನೊಂದು ಕಾಗದವನ್ನು ಬರೆಯುವುದು ಲೇಸು. ವಾಸಕ್ಕೆ ಎಷ್ಟು ಮನೆ ಬೇಕು, ಯಾವ ದಿಕ್ಕಿನಲ್ಲಿ ಎಲ್ಲಿಯವರೆಗೆ ವ್ಯವಹಾರ, ಎಷ್ಟು ಗಳಿಸಿದ ಮೇಲೆ ದಾನಕ್ಕೆ ಮೀಸಲು, ತನ್ನ ನಂತರ ಮಕ್ಕಳಿಗೆ ಉಳಿಯುವುದು ಆಸರೆಯೇ ಹೊರೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಬೇಕು. ಅದನ್ನು ಗುರುಗಳ ಸನ್ನಿಧಿಯಲ್ಲಿ ಓದಿ ವ್ರತವಾಗಿ ಸ್ವೀಕರಿಸಿದರೆ ಇನ್ನೂ ಒಳ್ಳೆಯದು. ಇಚ್ಛೆ ತಣಿದ ಮೇಲೆ ಪರಿಮಾಣ ಮಾಡುತ್ತೇನೆಂದು ಕಾಯುವವನಿಗೆ ಆ ದಿನ ಬರುವುದೇ ಇಲ್ಲ.

ಕೊಪ್ಪದ ಆ ಮನೆಯಲ್ಲಿ ಮಾತು ಅಂದೇ ಮುಗಿಯಲಿಲ್ಲ. ತಿಂಗಳೆರಡು ಕಳೆದು, ದಶಲಕ್ಷಣ ಪರ್ವದ ದಿನಗಳಲ್ಲಿ ಉತ್ತಮ ಆಕಿಂಚನ್ಯದ ಪ್ರವಚನ ಕೇಳಿ ಬಂದ ತಂದೆ ಅಂಥದೊಂದು ಕಾಗದವನ್ನು ಬರೆದರು. ಊರಿನ ಮನೆ, ಮಗನ ಬೆಂಗಳೂರಿನ ಮನೆ, ಇವೆರಡೇ ಸಾಕೆಂದು ಅದರಲ್ಲಿತ್ತು. ಮಗನಿಗೆ ಮೊದಲು ಬೇಸರವಾಯಿತು. ಡಿಸೆಂಬರಿನಲ್ಲಿ ಆತ ಹೆಂಡತಿ ಮಕ್ಕಳೊಡನೆ ದುಬೈಗೆ ಹೋಗಿ ಐದು ದಿನ ಹೋಟೆಲಿನಲ್ಲಿದ್ದು ಊರು ನೋಡಿಕೊಂಡು ಬಂದ. ಊರಿಗೆ ಬಂದಾಗ ಅಜ್ಜಿ ಕೇಳಿದರು, “ಎಲ್ಲ ನೋಡಿದ್ರಾ ಮಗಾ?” “ನೋಡಿದ್ವಿ ಅಜ್ಜಿ. ಹೊರಡೋ ದಿನ ಕೋಣೆಯ ಕೀಲಿ ಕೊಟ್ಟು ಬಂದ್ವಿ” ಎಂದ. ಹೊರಗೆ ಕತ್ತಲಾಗುತ್ತಿತ್ತು. ಅಜ್ಜಿ ಎದ್ದು ಒಳಗೆ ದೀಪ ಹಚ್ಚಲು ಹೋದರು.